'ಒಳಚಿಲಕ' ನೋಡಿದವರು ಹೇಳಿದ್ದು

ಸಿಂಧಘಟ್ಟ
೧೫ ಸೆಪ್ಟೆಂಬರ್ ೨೦೨೫, ಸೋಮವಾರ

ಮಗಳೇ ಅರ್ಪಿತ,

ಇಲ್ಲಿ ನಾನೂ ನಿಮ್ಮಮ್ಮನೂ ಕ್ಷೇಮ. ನೀನು ಮೈಸೂರಿನಲ್ಲಿ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯ ಎಂದು ನಂಬಿದ್ದೇನೆ. ನಂಬದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನಿನ್ನ 'ಒಳಚಿಲಕ' ಸಿನಿಮಾ ನೋಡಿ ಬಂದು ಇಷ್ಟು ದಿನವಾದರೂ ಬರೆಯಲಿಲ್ಲ ಎಂದು ಬೈಯಬೇಡ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಮ್ಮ ಫೋನಿನ ಚೆಂದ ನಿನಗೇ ಗೊತ್ತು. ನೀನು "ಹೇಗಿತ್ತಪ್ಪಾ?" ಅನ್ನುತ್ತೀಯ, ನಾನು "ಚೆನ್ನಾಗಿತ್ತು ಕಣವ್ವ" ಅಂದು ನಿಮ್ಮಮ್ಮನ ಕೈಗೆ ಕೊಡುತ್ತೇನೆ, ಅವಳು "ಉಂಡ್ಯಾ?" ಅಂತ ಕೇಳಿ ಇಟ್ಟುಬಿಡುತ್ತಾಳೆ. ಅದಕ್ಕೇ ಈ ಕಾಗದ. ಮೈಸೂರು ಬಸ್ಸಿನ ಕಂಡಕ್ಟರ್ ನನ್ನ ಹಳೇ ಪರಿಚಯದವನು, ಅವನ ಕೈಯಲ್ಲೇ ಕಳಿಸುತ್ತೇನೆ.

"ನಮ್ಮ ಕಡೆಯ ಜನ ಏನಂದರು, ಒಂದೂ ಬಿಡದೆ ಹೇಳು, ಸುಮ್ಮನೆ ಹೊಗಳಬೇಡ" ಅಂದಿದ್ದೆಯಲ್ಲ, ಕೇಳು. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ಮುದುಕನಾದವನಿಗೆ ಜನರ ಮಾತಿಗೆ ಕಿವಿಗೊಡುವುದನ್ನು ಯಾರೂ ಕಲಿಸಬೇಕಿಲ್ಲ.

ಕೆ.ಆರ್. ಪೇಟೆ ಟಾಕೀಸು ತುಂಬಿತ್ತು. ನಮ್ಮ ಹುಡುಗಿ ದೆವ್ವದ ಸಿನಿಮಾ ತೆಗೆದಿದ್ದಾಳೆ ಅಂತ ಬಂದವರಿಗೆ ಇಂಟರ್‌ವಲ್ ಆದರೂ ದೆವ್ವ ಸಿಗಲಿಲ್ಲ. ಗೊಬ್ಬರದ ಅಂಗಡಿ ಧರ್ಮೇಂದ್ರ ನನ್ನ ಹೆಗಲು ಹಿಡಿದು, "ಏನ್ ಕೆಂಪಣ್ಣ, ಸಿನ್ಮಾದ ಹುಡ್ಗ ಗ್ವಾಡೆ ನೋಡ್ಕಂಡು ಕುಂತವ್ನೆ ಸರಿ, ನಮ್ಮನ್ನೂ ಗ್ವಾಡೆ ನೋಡ್ಕಂಡು ಕೂರಿಸ್ಬುಟ್ಳಲ್ಲ ನಿನ್ ಮಗ್ಳು!" ಅಂದ. ಆಮೇಲೆ ನೋಡಿದರೆ ಅದೇ ಧರ್ಮೇಂದ್ರ ಎರಡೂ ಕಾಲನ್ನು ಕುರ್ಚಿಯ ಮೇಲೆತ್ತಿ ಮುದುರಿಕೊಂಡಿದ್ದ. ಗೊಬ್ಬರದ ಮೂಟೆ ಹೊರುವ ಆಸಾಮಿ ಮೊಣಕಾಲು ತಬ್ಬಿಕೊಂಡು ಕೂತದ್ದನ್ನು ನೋಡಿ ನನಗೆ ಹೆಮ್ಮೆಯಾಯಿತು.

ನನ್ನ ಬಸ್ಸಿನ ಡ್ರೈವರ್ ಆಗಿದ್ದ ಕುಳ್ಳಯ್ಯ ನಿನ್ನ ಸಿನಿಮಾಕ್ಕೆಂದೇ ಪಾಂಡವಪುರದಿಂದ ಬಂದಿದ್ದ. ಅವನಿಗೆ ಬೇರೆಯದೇ ಸಿಟ್ಟು. "ಆ ಹುಡುಗುನ್ನ ಡಾಕ್ಟ್ರಿಗೆ ತೋರಿಸ್ಬೇಕಿತ್ತು ಕಣ್ಲಾ. ಬಾಗ್ಲು ತಟ್ಟೋ ಸದ್ದು ಕೇಳ್ತದೆ, ಕೇಳ್ತದೆ ಅಂತ ಒದ್ದಾಡ್ತಾವ್ನೆ, ಮನೇಲಿ ಒಬ್ರಾದ್ರೂ 'ಏನಾಗದಪ್ಪ ನಿಂಗೆ' ಅಂದ್ರಾ?" ಅಂತ ನನ್ನನ್ನೇ ಗದರಿಸಿದ.

ನಾಗಮಂಗಲದ ನಿನ್ನ ಸೋದರತ್ತೆಯ ಮೊಮ್ಮಗಳು ಸ್ನೇಹ ಮನೆಗೆ ಬಂದಿದ್ದಾಗ ಫೋನಿನಲ್ಲಿ ಬಂದ ಅಭಿಪ್ರಾಯಗಳನ್ನೆಲ್ಲ ಓದಿ ಹೇಳಿದಳು. ಶ್ರೀರಂಗಪಟ್ಟಣದವರೊಬ್ಬರು, ಬಾಗಿಲು ತಟ್ಟುವ ದೆವ್ವ ಯಾರದೆಂದು ಕೊನೆಗೂ ತೋರಿಸದೆ ಮೋಸ ಮಾಡಿದ್ದೀಯ ಎಂದು ಬರೆದಿದ್ದಾರಂತೆ. ಇನ್ನೊಬ್ಬರು ಅದು ಅವನ ತಲೆಯೊಳಗಿನ ಸದ್ದು, ಪೂರಾ ಹುಚ್ಚು ಅಂದಿದ್ದಾರೆ. ಪಕ್ಕದಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದ ಹಿತ್ತಲ ಮನೆ ಮಾದಮ್ಮ ತಲೆ ಎತ್ತಿ, "ದೆವ್ವ ಎಲ್ಲೈತೆ? ಎಡೆ ಇಟ್ಟು ಬಾಗ್ಲು ಮುಚ್ಚಿ, ಆಮ್ಯಾಕೆ ಒಳಿಕ್ಕೋಗೋ ಮುಂಚೆ ನಾವ್ ತಟ್ಟಾಕಿಲ್ವಾ? ಅದೇ ಸದ್ದು ಅದು. ತಟ್ತಿರೋರು ಮನೆಯೋರು ಕಣ್ ಮಗ" ಅಂದಳು.

ನಿನ್ನ ಮೈಸೂರಿನ ಗೆಳೆಯರಿಗೆ ಇದು ಗೊತ್ತಿರಲಿಕ್ಕಿಲ್ಲ. ಪಿತೃಪಕ್ಷದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಣ್ಣಲಿ ಅಂತ. ಆಮೇಲೆ ಅವರು ಬೆಚ್ಚದ ಹಾಗೆ ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ನಿಮ್ಮಜ್ಜನಿಗೆ ಬಾಡೂಟದ ಜೊತೆ ಬೀಡಿ ಕಟ್ಟು ಇಡುತ್ತಿದ್ದದ್ದು, ಬೆಂಕಿಪೊಟ್ಟಣ ಮರೆತ ವರ್ಷ ನಿಮ್ಮಮ್ಮ ಪೇಚಾಡಿದ್ದು ನೆನಪಿದೆಯಾ?

ಸಿನಿಮಾದಲ್ಲಿ ಆ ಹುಡುಗ ಸತ್ತ ತಮ್ಮನನ್ನು ಕಣ್ಣಾರೆ ನೋಡಬೇಕೆಂದು ರಾಗಿ ತುಂಬುವ ವಾಡೆಯ ಹಿಂದೆ ಅವಿತುಕೊಳ್ಳುತ್ತಾನೆ. ಬಾಗಿಲು ಮುಚ್ಚುತ್ತದೆ. ಯಾರೂ ಬರುವುದಿಲ್ಲ. ಹಸಿವು ತಡೆಯದೆ ತಮ್ಮನ ಎಲೆಯ ಕಜ್ಜಾಯ ಕಚ್ಚುತ್ತಾನೆ. ಅಷ್ಟರಲ್ಲಿ ಬಾಗಿಲು ತಟ್ಟುತ್ತಾರೆ, ಒಳಗೆ ಬಂದವರು ಕಚ್ಚಿದ ಕಜ್ಜಾಯ ನೋಡಿ "ಮಗ ಬಂದಿದ್ದ, ತಿಂದು ಹೋದ" ಅಂತ ಅಳುತ್ತಾರೆ. ಹುಡುಗ ಬಾಯಿ ಬಿಡಲಾರ. ಅವನಿಗೆ ಹುಚ್ಚು ಹತ್ತುವುದೇ ಅಲ್ಲಿಂದ.

ಅಪ್ಪಿ, ಆ ವಾಡೆ ನಮ್ಮದು. ನಿನ್ನ ತಮ್ಮ ಕಿಶನ್ ಜ್ವರದಲ್ಲಿ ತೀರಿಕೊಂಡ ವರ್ಷ ನಾವಿಟ್ಟ ಮೊದಲ ಎಡೆ ಅದು. ನೀನು ಅವತ್ತು ಕಾಣಲಿಲ್ಲ, ಮಾದಮ್ಮನ ಮನೆಯಲ್ಲಿರಬೇಕು ಅಂದುಕೊಂಡಿದ್ದೆವು. ಹುಡುಗನ ವೇಷ ಹಾಕಿಸಿದರೆ ನನ್ನ ಮಗಳ ಗುರುತು ನನಗೆ ಸಿಗುವುದಿಲ್ಲವೇ? ಕಜ್ಜಾಯ ಕಂಡರೆ ಎದೆಯುರಿ ಅನ್ನುವುದು, ಪಿತೃಪಕ್ಷಕ್ಕೇ ಸರಿಯಾಗಿ ನಿನಗೆ ಶೂಟಿಂಗ್ ಬೀಳುವುದು, ನಿನ್ನದೇ ಸಿನಿಮಾಕ್ಕೆ ಕೆ.ಆರ್. ಪೇಟೆಗೆ ಬಾರದೆ ಇದ್ದದ್ದು, ಎಲ್ಲ ಒಟ್ಟಿಗೆ ಅರ್ಥವಾಯಿತು. ಕುಳ್ಳಯ್ಯನ ಸಿಟ್ಟು ನನ್ನ ಎದೆಗೇ ನಾಟಿತು.

ಕತ್ತಲಲ್ಲಿ ನಿಮ್ಮಮ್ಮನ ಕಡೆ ತಿರುಗಿದೆ. ಅವಳು ಅಳುತ್ತಿರಲಿಲ್ಲ, ಪರದೆಯ ಮೇಲಿನ ಆ ಹುಡುಗನನ್ನೇ ನೋಡುತ್ತಿದ್ದಳು. ಕಿಶನ್ ಬಂದು ತಿಂದು ಹೋದ ಅನ್ನುವ ಒಂದು ಸಮಾಧಾನದ ಮೇಲೆ ತಾನೇ ಈ ಮನೆ ಇಷ್ಟು ವರ್ಷ ನಿಂತದ್ದು? ಅದೂ ಅವಳ ಕೈ ತಪ್ಪಿತಲ್ಲ ಎಂದು ಹೆದರಿದೆ. ನಿನಗೂ ಅದೇ ಹೆದರಿಕೆ ಇದ್ದಿರಬೇಕು. ಊರವರೆಲ್ಲ ಏನಂದರೆಂದು ಕೇಳಿದೆ, ಅಮ್ಮ ಏನಂದಳು ಎಂದು ಮಾತ್ರ ಕೇಳಲಿಲ್ಲ.

ಬಸ್ಸಿನಲ್ಲಿ ಬರುವಾಗ ಅವಳು ಅಂದದ್ದು ಇಷ್ಟೇ: "ಮುಂದ್ಗಡೆ ಕುಂತಿದ್ದೋನ ತಲೆ ಅಡ್ಡ ಬರ್ತಿತ್ತು." ಮನೆಗೆ ಬಂದು ಹಸುವಿನ ಹಾಲು ಕರೆದಳು. ಆಮೇಲೆ ಸಿನಿಮಾದ ಸುದ್ದಿಯೇ ಇಲ್ಲ, ಕೇಳಲು ನನಗೆ ಧೈರ್ಯವೂ ಇಲ್ಲ. ಅವಳ ಮಾತಿಗೆ ಕಾದೇ ಕಾಗದ ತಡವಾದದ್ದು.

ಇನ್ನು ನನ್ನ ಅಭಿಪ್ರಾಯ. ಸಿನಿಮಾ ಚೆನ್ನಾಗಿದೆ. ಕೊನೆಯಲ್ಲಿ ಆ ಹುಡುಗ ಒಳಚಿಲಕ ಹಾಕಿಕೊಂಡು ಕೂತೇಬಿಡುತ್ತಾನಲ್ಲ, ಅದೊಂದು ನನಗೆ ಹಿಡಿಸಲಿಲ್ಲ. ಅವನ ಕೈಯಲ್ಲೇ ಆ ಚಿಲಕ ತೆಗೆಸಬಹುದಿತ್ತು.

ನೂರು ಕಾಲ ಬಾಳು ಮಗಳೇ. ನಿನ್ನ ಕಣ್ಣಿಗೆ ನಿದ್ದೆ ಬರಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ,
ಕೆಂಪಣ್ಣ

ಮರೆತದ್ದಲ್ಲ, ಈಗ ತಾನೇ ಆದದ್ದು: ಕಾಗದ ಮಡಚಿ ಹೊರಟಿದ್ದೆ. ಭಾನುವಾರದ ಎಡೆಯ ಕಜ್ಜಾಯಕ್ಕೆ ಅಕ್ಕಿ ನೆನೆಹಾಕುತ್ತಿದ್ದ ನಿಮ್ಮಮ್ಮ "ಅವುಳ್ಗಾ?" ಅಂದಳು. ಹೂಂ ಅಂದೆ. "ನಂದೂ ಬರೀರಿ" ಅಂದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ.

"ಅವತ್ತು ಬಾಗ್ಲು ತೆಗೆದೇಟ್ಗೇ ವಾಡೆ ಹಿಂದೆ ಅವಳ ಲಂಗದ ಅಂಚು ಕಾಣುಸ್ತು. ನಿಮಗ್ಯಾರ್ಗೂ ಕಾಣ್ಬಾರ್ದು ಅಂತ ನಾನೇ ಅಡ್ಡ ನಿಂತ್ಕಂಡೆ. ತಮ್ಮ ಹೋದಾಗಿಂದ ಅದು ಸರ್ಯಾಗಿ ಅನ್ನ ಮುಟ್ಟಿರ್ಲಿಲ್ಲ. ನೀವೆಲ್ಲ, ಹೋದೋನು ಬಂದು ತಿಂದ ಅಂತ ಅತ್ರಿ. ನಾನು, ಇರೋಳು ತಿಂದ್ಲಲ್ಲ ಅಂತ ಅತ್ತೆ. ಬಾಯ್ಬಿಟ್ರೆ ಎಲ್ಲಿ ನಾಚ್ಕಂಡು ತಿನ್ನೋದನ್ನೇ ಬುಟ್ಬುಡ್ತಾಳೋ ಅಂತ ಸುಮ್ಕಾದೆ. ಅದುನ್ನೇ ನುಂಗ್ಕಂಡು ಇಷ್ಟು ದಿನ ಬೇಯ್ತಾವ್ಳೆ ಅಂತ ನಂಗೆ ಗೊತ್ತಾಗ್ನಿಲ್ಲ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಮಗ ಹೋದ್ಮೇಲೆ ನೀವು ಅವತ್ತೇ ಕಣ್ರೀ ಮೊದ್ಲು ಮಲಗಿ ನಿದ್ದೆ ಮಾಡಿದ್ದು" ಅಂದಳು.

ಆ ಕಚ್ಚಿದ ಕಜ್ಜಾಯದ ಮೇಲೆ ಬದುಕಿದ್ದವನು ನಾನೊಬ್ಬನೇ ಮಗಳೇ. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ನೀವಿಬ್ಬರೂ ನನ್ನನ್ನು ಕಾಪಾಡಿದಿರಿ. ನನ್ನ ಕಿಶನ್ ಅವತ್ತು ಬಂದಿರಲಿಲ್ಲ.

ಭಾನುವಾರ ಬಾ. ಬಾಗಿಲು ಮುಚ್ಚಿದಾಗ ನನ್ನ ಪಕ್ಕ ಹೊರಗೆ ನಿಲ್ಲು, ಈ ಸಲ ನೀನೇ ತಟ್ಟು. ಒಳಗೆ ಅವನ ಕಜ್ಜಾಯ ಇಟ್ಟಂತೆಯೇ ಇರುತ್ತದೆ, ನನಗೆ ಗೊತ್ತು. ಅದನ್ನು ನಾನೇ ಎತ್ತಿ ನಿನ್ನ ಕೈಗೆ ಕೊಡುತ್ತೇನೆ. ನನ್ನ ಕಣ್ಣೆದುರಿಗೆ ತಿನ್ನು.