ಇನ್ನೇನು ಬಂತು, ಹತ್ತೇ ನಿಮಿಷ

ವೊಂಜು
ಏಪ್ರಿಲ್ ೧೪

ಮುದ್ದು ಆರಮ್,

ಮೊನ್ನೆ ಫೋನಿನಲ್ಲಿ ನೀನು, "ಅಪ್ಪ ಹೋದ್ಮೇಲೆ ಈ ಸಂಕಟ ಇನ್ನೂ ಎಷ್ಟು ದಿನ ಅಮ್ಮಾ?" ಎಂದು ಕೇಳಿದೆ. ಸಾರು ಉಕ್ಕುತ್ತಿದೆ ಎಂದು ಫೋನಿಟ್ಟುಬಿಟ್ಟೆ. ನಿಜ ಹೇಳಬೇಕೆಂದರೆ ಒಲೆಯೇ ಹಚ್ಚಿರಲಿಲ್ಲ.

ಇವತ್ತು ಬೆಳಿಗ್ಗೆ ಗುಡ್ಡಕ್ಕೆ ಹೋಗಿದ್ದೆ. ಹೌದು, ನಾನೂ ಅಪ್ಪನೂ ಹತ್ತುತ್ತಿದ್ದ ನಮ್ಮ ಗುಡ್ಡಕ್ಕೇ. ಚಳಿಗಾಲವಿಡೀ ಅದು ಕಣ್ಣಿಗೆ ಬೀಳಬಾರದೆಂದು ಅಡುಗೆಮನೆಯ ಪರದೆ ಎಳೆದಿಟ್ಟಿದ್ದೆ. ಇಂದು ಒಗೆಯಲೆಂದು ಬಿಚ್ಚಿದರೆ, ಇಳಿಜಾರೆಲ್ಲ ಜಿಂದಲ್ಲೆ ಹೂ ಬಿಟ್ಟು ಗುಲಾಬಿಯಾಗಿದೆ! ಎರಡು ಸೌತೆಕಾಯಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಒಬ್ಬಳಿಗೆ ಎರಡು ಯಾಕೆ ಬೇಕಿತ್ತೋ. ಕೈಯ ರೂಢಿ.

ಪೈನ್ ಮರಗಳ ಕೆಳಗಿನ ಮೆಟ್ಟಿಲಲ್ಲಿ ಕೂತುಬಿಟ್ಟೆ. ಉಸಿರಿಗಿಂತ ಮನಸ್ಸೇ ಸೋತಿತ್ತು. ವಾಪಸು ಹೋಗೋಣವೆಂದು ಏಳುವಷ್ಟರಲ್ಲಿ, ಮೇಲಿಂದ ಇಳಿಯುತ್ತಿದ್ದ ದೊಡ್ಡ ಟೋಪಿಯ ಹೆಂಗಸೊಬ್ಬಳು, "ಏಳಿ ಅಕ್ಕಾ, ಇನ್ನೇನು ಬಂತು, ಹತ್ತೇ ನಿಮಿಷ!" ಎಂದಳು.

ಅಲ್ಲಿಂದ ತುದಿಗೆ ಗಂಟೆಯ ದಾರಿ! ನಿನ್ನ ಅಪ್ಪನೂ ಇಳಿಯುವಾಗ ಎದುರು ಸಿಕ್ಕವರಿಗೆಲ್ಲ ಇದನ್ನೇ ಹೇಳುತ್ತಿದ್ದರು, ಬಸ್ಸಿನಿಂದ ಆಗ ತಾನೇ ಇಳಿದವರಿಗೂ. "ಶಾಪ ಹಾಕ್ತಾರೆ ಕಣ್ರೀ" ಎಂದು ನಾನು ಗದರಿದರೆ, "ನಿಜ ಹೇಳಿದ್ರೆ ಯಾರು ಹತ್ತುತ್ತಾರೆ, ಹೇಳು?" ಎನ್ನುತ್ತಿದ್ದರು.

ನನಗೆ ನಗು ತಡೆಯಲಾಗಲಿಲ್ಲ. "ಸುಳ್ಳಿಗೂ ಒಂದು ಮಿತಿ ಬೇಡ್ವೇನಮ್ಮಾ?" ಎಂದೆ. ಅವಳು, "ನನ್ನನ್ನೂ ಹಿಂಗೇ ಹೇಳಿ ಹತ್ತಿಸಿದ್ರು. ನಾನೊಬ್ಳೇ ಯಾಕೆ ಮೋಸ ಹೋಗ್ಲಿ?" ಎಂದಳು. ಅಪ್ಪನ ಪಾಲಿನ ಸೌತೆಕಾಯಿ ಅವಳಿಗೇ ಕೊಟ್ಟೆ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಟಕಟ ಕಡಿದೆವು.

ಆಮೇಲೆ ಎದ್ದು ಹತ್ತಿದೆ. ಅರ್ಧ ದಾರಿಯ ಒರತೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಮುಖಕ್ಕೂ ಎರಚಿಕೊಂಡೆ. ತುದಿಗೂ ಹೋದೆ. ಎಷ್ಟೋ ತಿಂಗಳ ಮೇಲೆ ನಿಜವಾಗಿ ಹಸಿವಾಯಿತು, ಆರಮ್. ಇಳಿಯುವಾಗ, ಹತ್ತಿ ಹತ್ತಿ ಮುಖ ಕೆಂಪಗಾಗಿದ್ದ ಗಂಡಹೆಂಡತಿ ಎದುರಾದರು. ನನಗೇ ತಿಳಿಯದಂತೆ ಬಾಯಿಂದ ಅದೇ ಮಾತು ಬಂತು. ಪಾಪ, ನಂಬಿದರು.

ಅಂದು ಕೊಡದ ಉತ್ತರ ಇಗೋ: ಇನ್ನೇನು ಬಂತು ಮಗಳೇ, ಹತ್ತೇ ನಿಮಿಷ.

ನಿನ್ನ
ಅಮ್ಮ

ತಾ.ಕ.: ತುದಿಗೆ ಹೋದೆ ಎಂದದ್ದೂ ಸುಳ್ಳು. ಒರತೆಯಿಂದಲೇ ತಿರುಗಿದೆ, ಅಲ್ಲಿಂದ ಮುಂದಕ್ಕೆ ಒಬ್ಬಳೇ ಹೋಗಲು ಮನಸ್ಸಾಗಲಿಲ್ಲ. ಭಾನುವಾರ ಬಾ. ಸೌತೆಕಾಯಿ ಎರಡು ತಂದಿಟ್ಟಿದ್ದೇನೆ.