ಗಗನನೌಕೆ ಇಲ್ಲದ ಪೋಸ್ಟರ್

ಕುಳ್ಳಾ,

ನೀನು ಊರು ಬಿಟ್ಟು ಫೋನ್ ನಂಬರನ್ನೂ ಬದಲಾಯಿಸಿದ ಮೇಲೆ ಇದನ್ನು ಎಲ್ಲಿಗೆ ಕಳಿಸಲಿ? ಆದರೂ ಹೇಳದೆ ಇರಲಾರೆ. ಇವತ್ತು ಹಲ್ಲಿನ ಡಾಕ್ಟರ ಹತ್ತಿರ ಕಾಯುತ್ತಾ ಕೂತಿದ್ದಾಗ ಅಲ್ಲಿನ ಟಿವಿಯಲ್ಲಿ ನೀನು ನಿರ್ದೇಶಿಸಿದ ಸಿನಿಮಾದ ಕೊನೆಯ ಭಾಗ ಬಂತು. ಕೆಟ್ಟುನಿಂತ ಗಗನನೌಕೆಯಲ್ಲಿ ಒಂಟಿಯಾಗಿ ಉಳಿದ ಮುದುಕಿ ರೇಡಿಯೋ ರಿಪೇರಿ ಮಾಡುತ್ತಿದ್ದಳು. ಐದನೇ ಸಲ ನೋಡುತ್ತಿದ್ದರೂ ನಾನು ಕುರ್ಚಿಯನ್ನು ಟಿವಿ ಕಡೆಗೆ ತಿರುಗಿಸಿಕೊಂಡೆ. ಪಕ್ಕದಲ್ಲಿ ಊದಿದ ಕೆನ್ನೆ ಹಿಡಿದುಕೊಂಡು ಕೂತಿದ್ದ ಹೆಂಗಸು, ನರ್ಸ್ ಹೆಸರು ಕರೆದರೂ ಏಳಲಿಲ್ಲ.

"ಬೇರೆಯವರನ್ನ ಕರಿಯಮ್ಮ, ಆ ಅಜ್ಜಿ ಏನಾಗ್ತಾಳೆ ನೋಡ್ಬೇಕು" ಎಂದರು.

ಮುಗಿದ ಮೇಲೆ ನನ್ನ ಕಡೆ ತಿರುಗಿ, "ಇಷ್ಟು ಚೆನ್ನಾಗಿದೆ, ಇಂಥದ್ದೊಂದು ಬಂದಿತ್ತು ಅಂತ ಯಾರೂ ಹೇಳ್ಲೇ ಇಲ್ವಲ್ಲ?" ಎಂದರು.

ನನಗೆ ಹಳೆಯ ಸಿಟ್ಟೆಲ್ಲ ಉಕ್ಕಿತು. "ಪ್ರಚಾರದವರು ಕೆಡಿಸಿದ್ರು. ಪೋಸ್ಟರಲ್ಲಿ ಅಜ್ಜಿನೂ ಇಲ್ಲ, ನೌಕೆನೂ ಇಲ್ಲ. ಎರಡು ನಿಮಿಷ ಬಂದು ಹೋಗೋ ಪ್ರೇಮಿಗಳನ್ನ ದೊಡ್ಡದಾಗಿ ಹಾಕಿದ್ರು. ನೋಡಬೇಕಾದವರಿಗೆ ಗೊತ್ತೇ ಆಗ್ಲಿಲ್ಲ" ಎಂದೆ.

ಅವರು ಪಾಪ ಎಂದು ಲೊಚಗುಟ್ಟಿದರು.

ಸಿನಿಮಾ ಬಿಡುಗಡೆಯಾದಾಗ ಪತ್ರಿಕೆಯ ಸಿನಿಮಾ ಪುಟ ನೋಡಿಕೊಳ್ಳುತ್ತಿದ್ದವನು ನಾನೇ ಎಂದು ಅವರಿಗೆ ಹೇಳಲಿಲ್ಲ. "ನಾಲ್ಕು ಸಾಲು ಬರಿಯೋ" ಎಂದು ನೀನು ಕೇಳಿದ್ದೆ. ಗೆಳೆಯನನ್ನು ಹೊಗಳಿದ ಎಂದು ಯಾರಾದರೂ ಆಡಿಕೊಂಡಾರು ಎಂದು, ನಾನು ಆ ವಾರ ರಜೆ ಹಾಕಿದ್ದೆ.