ಬೆಚ್ಚದ ಕೂಸು, ಹಳೆಯ ಜೀಪು

ಅಪ್ಪಾ,

ಗಂಟೆ ಮೂರೂ ಮುಕ್ಕಾಲು. ಅಡುಗೆಮನೆಯಲ್ಲಿ ಬೆಕ್ಕು ಪಾತ್ರೆ ಬೀಳಿಸಿದ ಸದ್ದಿಗೆ ಎದ್ದು ಕೂತೆ. ಪಕ್ಕದಲ್ಲಿದ್ದ ಮಗಳು ಕದಲಲೇ ಇಲ್ಲ.

ನಾವೊಂದು ಹಳೆಯ ಜೀಪು ಕೊಂಡಿದ್ದೇವೆ, ನಿನ್ನದರ ಹಾಗೆಯೇ ಮುಂಗೋಪಿ. "ಆ ಡಬ್ಬಾನ ಗುಜರಿಗೆ ಹಾಕಪ್ಪ" ಅಂತ ಹಟ ಹಿಡಿದು ನಿನ್ನದನ್ನು ಹಾಕಿಸಿದವಳು ನಾನೇ, ನಗಬೇಡ. ಮೂರು ವಾರದಿಂದ ಇದು ಒಂದು ದಿನ ಓಡಿದರೆ ಎರಡು ದಿನ ಮುನಿಸು. ನಿನ್ನೆ ಮೆಕ್ಯಾನಿಕ್ ಕಾರ್ಬೊರೇಟರ್ ತೊಳೆದು, ಪ್ಲಗ್ ಬದಲಿಸಿ ಕೀಲಿ ತಿರುಗಿಸಿದ. ಸೈಲೆನ್ಸರಿನಿಂದ ಢಂ ಎಂದು ಸದ್ದು ಸಿಡಿಯಿತು, ನಾನು ಹೌಹಾರಿದೆ. ಆಮೇಲೆ ಅರ್ಧ ಗಂಟೆ ಒಂದೇ ಹದದಲ್ಲಿ ಓಡಿತು. ಆ ಪೆಟ್ರೋಲ್ ವಾಸನೆಗೆ ನಿನ್ನ ಅಂಗಿಯ ನೆನಪಾಯಿತು.

"ಇನ್ನು ಕೈಕೊಡಲ್ಲ ಅಕ್ಕ," ಅಂದ ಮೆಕ್ಯಾನಿಕ್, ನನ್ನ ಸೊಂಟದ ಮೇಲಿದ್ದ ಮಗಳನ್ನು ನೋಡಿ ನಕ್ಕ. "ಪುಟ್ಟಿ ಭಾರಿ ಗಟ್ಟಿಗಿತ್ತಿ. ಅಷ್ಟು ಸದ್ದಾದ್ರೂ ಬೆಚ್ಚಲೇ ಇಲ್ಲ ನೋಡಿ."

ಇವತ್ತು ಒಂಬತ್ತಕ್ಕೆ ಅದೇ ಜೀಪಿನಲ್ಲಿ ಅವಳನ್ನು ಕಿವಿ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದೇನೆ.

ನಾನು ಕೂಸಾಗಿದ್ದಾಗ ನಿನ್ನ ಜೀಪು ಎಷ್ಟೇ ಗುಡುಗಿದರೂ ಕಣ್ಣು ಬಿಡುತ್ತಿರಲಿಲ್ಲ ಅಂತ ಎಲ್ಲರೆದುರೂ ಹೇಳುತ್ತಿದ್ದೆಯಲ್ಲ, ಅದು ನಿಜವೋ, ನನ್ನನ್ನು ರೇಗಿಸಲು ಕಟ್ಟಿದ ಕತೆಯೋ? ಕೇಳಲು ಬೇರೆ ಯಾರೂ ಉಳಿದಿಲ್ಲ. ನೀನು ಹೋಗಿ ಎರಡು ವರ್ಷವಾದರೂ ನಿನ್ನ ನಂಬರ್ ಅಳಿಸಿಲ್ಲ. ಬೆಳಗಾಗುವುದರೊಳಗೆ ಒಮ್ಮೆ ಫೋನ್ ಮಾಡಪ್ಪ. ನಿಜ ಅಂತ ಒಂದು ಮಾತು ಹೇಳು, ಸಾಕು.